ಜೀರ್ಣಯಂತ್ರ ಮೀಮಾಂಸೆ

ಮೊದಲಿಗೆ ಅಧಿಕಾರಿಯ ವಿಚಾರ. ಹಳೇ ಲೇತು ಕೊಳ್ಳುವ ಈ ಶಾಸ್ತ್ರಕ್ಕೆ ಅರ್ಹನಾದವನು ಮನೆಯ ಹಿಂದೆ ಒಂದು ಶೆಡ್ಡು ಉಳ್ಳವನು, ಕಬ್ಬಿಣದ ತುಂಡು ಕಂಡರೆ ಎಸೆಯಲಾರದವನು ಮತ್ತು ಹೊಸ ಯಂತ್ರದ ಕೊಟೇಶನ್ ತರಿಸಿ ಓದಿ ವೈರಾಗ್ಯ ಹೊಂದಿದವನು. ಈ ಮೂರರಲ್ಲಿ ವೈರಾಗ್ಯವೇ ಪ್ರಧಾನ. ಶೆಡ್ಡಿಲ್ಲದವನು ಕಾರು ನಿಲ್ಲಿಸುವ ಜಾಗದಲ್ಲೇ ಸಾಧನೆ ಮಾಡಬಹುದೆಂಬ ಪಕ್ಷವೂ ಒಂದುಂಟು. ಕಾರು ಎಲ್ಲಿ ನಿಲ್ಲಬೇಕೆಂಬುದನ್ನು ಆ ಪಕ್ಷದವರು ಈವರೆಗೆ ವಿವರಿಸಿಲ್ಲ.

ಲೇತನ್ನೇ ಏಕೆ ಹಿಡಿದೆವೆಂದರೆ, ಮಿಕ್ಕವು ಅದರ ಹಿಂದೆ ತಾವಾಗಿ ಬರುತ್ತವೆ. ಡ್ರಿಲ್ಲಿಂಗ್ ಮಷೀನು ಮೊದಲ ವರ್ಷ, ಶೇಪಿಂಗ್ ಮಷೀನು ಅಗ್ಗವಾಗಿ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಎರಡನೆಯ ವರ್ಷ, ಮಿಲ್ಲಿಂಗ್ ಮಷೀನು ಸಾಲ ತೀರಿದ ಮೇಲೆ. ಆ ಪ್ರಕರಣಗಳನ್ನು ಇಲ್ಲಿ ಬೆಳೆಸುವುದಿಲ್ಲ.

ಇನ್ನು ವಂಶಾವಳಿ. ಉಳಿಯನ್ನು ಮನುಷ್ಯನ ಕೈಯಿಂದ ಬಿಡಿಸಿ ಕಬ್ಬಿಣದ ಸ್ಲೈಡಿಗೆ ಬಿಗಿದು, ಲೀಡ್‌ಸ್ಕ್ರೂ ಜೋಡಿಸಿ, ಒಂದೇ ಅಳತೆಯ ಸ್ಕ್ರೂ ಮರೆಯನ್ನು ಮತ್ತೆ ಮತ್ತೆ ಕತ್ತರಿಸುವಂತೆ ಮಾಡಿದವನು ಲಂಡನ್ನಿನ ಹೆನ್ರಿ ಮಾಡ್ಸ್ಲೆ, 1800ರ ಆಸುಪಾಸಿನಲ್ಲಿ. ಅವನಿಗೆ ನಮಸ್ಕಾರ. ನಮ್ಮ ಸೀಮೆಗೆ ಬಂದರೆ ಎರಡು ಗೋತ್ರಗಳು ಶ್ರೇಷ್ಠ. ಒಂದು, 1941ರಲ್ಲಿ ಹರಿಹರದಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್. ಇನ್ನೊಂದು, 1953ರಲ್ಲಿ ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ಕೈಹಿಡಿದು ಜಾಲಹಳ್ಳಿಯಲ್ಲಿ ಎದ್ದ ಹೆಚ್ಚೆಮ್ಟಿ. ಹರಿಹರದ ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು. ಅದರ ಲೇತುಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಮೂರನೆಯದು ಪಂಜಾಬಿನ ಬಟಾಲ, ಗುಜರಾತಿನ ರಾಜಕೋಟ್ ಕಡೆಯಿಂದ ಬರುವ ಬಹುಸಂತಾನದ ಗೋತ್ರ. ಇದರಲ್ಲಿ ಯಂತ್ರವನ್ನು ಹೆಸರಿನಿಂದಲ್ಲ, ಬೆಡ್ಡಿನ ಉದ್ದದಿಂದ ಕರೆಯುವುದು ರೂಢಿ: ನಾಲ್ಕೂವರೆ ಅಡಿ ಲೇತು, ಆರಡಿ ಲೇತು. ಕುಲೀನವಾದ ಹೆಚ್ಚೆಮ್ಟಿಯೇ ಬೇಕೆಂದು ಹಟ ಹಿಡಿಯುವವರು ಎನ್‌ಎಚ್ 22 ಮಾದರಿ ಎರಡು ಟನ್ನಿನ ಹತ್ತಿರ ತೂಗುತ್ತದೆಂಬುದನ್ನು ಮನನ ಮಾಡಿ, ಒಮ್ಮೆ ತಮ್ಮ ಶೆಡ್ಡಿನ ನೆಲವನ್ನು ನೋಡತಕ್ಕದ್ದು.

ಈಗ ಪ್ರಮಾಣ ವಿಚಾರ. ಪೀಣ್ಯದ ಹಳೇ ಯಂತ್ರ ವ್ಯಾಪಾರಿಯ ಗೋಡೌನಿನಲ್ಲಿ ನಿಂತ ಲೇತಿನ ನಿಜಸ್ವರೂಪವನ್ನು ಅರಿಯುವುದು ಹೇಗೆ? ಪೂರ್ವಿಕರು ಹೇಳಿದ ಆರು ಪ್ರಮಾಣಗಳೂ ಇಲ್ಲಿ ಬೇಕು. ಐದಕ್ಕೆ ನಿಲ್ಲಿಸಿದವರು ಆರನೆಯದರಲ್ಲೇ ಸಿಕ್ಕಿಬಿದ್ದಿದ್ದಾರೆ.

ಪ್ರತ್ಯಕ್ಷವೇ ಜ್ಯೇಷ್ಠವೆಂಬ ವಾದ ಗೋಡೌನಿನ ಬಾಗಿಲಲ್ಲೇ ಬಿದ್ದುಹೋಗುತ್ತದೆ. ಅಲ್ಲಿ ಪ್ರತ್ಯಕ್ಷವಾಗುವುದು ಹಸಿರು ಬಣ್ಣವೊಂದೇ. ಅದು ನಿನ್ನೆ ಸಂಜೆ ಹೊಡೆದದ್ದು, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಆದಕಾರಣ ಪ್ರತ್ಯಕ್ಷವನ್ನು ಕಣ್ಣಿನಿಂದ ಕಿತ್ತು ಕೈಗೆ ಕೊಡಬೇಕು. ಲೇತಿನ ಹೆಚ್ಚಿನ ಕೆಲಸವೆಲ್ಲ ಗಿಡ್ಡ ಕೆಲಸ, ತುಂಡನ್ನು ಕಚ್ಚಿ ಹಿಡಿಯುವ ಚಕ್ಕಿನ ಮಗ್ಗುಲಲ್ಲೇ ಮುಗಿಯುವಂಥದ್ದು. ಉಳಿ ಹೊತ್ತ ಸ್ಯಾಡಲ್ಲು ವರ್ಷಗಟ್ಟಲೆ ಅಲ್ಲೇ ಓಡಾಡಿ ಬೆಡ್ಡನ್ನು ಅಲ್ಲೇ ಸವೆಸಿರುತ್ತದೆ; ಎದುರು ತುದಿಯ ಟೇಲ್‌ಸ್ಟಾಕಿನ ಕಡೆ ಬೆಡ್ಡು ಕಾರ್ಖಾನೆಯಿಂದ ಬಂದಂತೆಯೇ ಇರುತ್ತದೆ. ಚಕ್ಕಿನ ಹತ್ತಿರ ಸ್ಯಾಡಲ್ಲಿನ ಕೆಳಪಟ್ಟಿಯ ಸ್ಕ್ರೂಗಳನ್ನು ಪ್ಲೇ ಹೋಗುವಷ್ಟು ಬಿಗಿ ಮಾಡಿ, ಹ್ಯಾಂಡ್‌ವೀಲು ತಿರುಗಿಸುತ್ತ ಟೇಲ್‌ಸ್ಟಾಕಿನ ಕಡೆ ನಡೆಸಿ. ಮೊದಲು ಬೆರಳ ತುದಿಯಲ್ಲಿ ತಿರುಗುವ ಚಕ್ರಕ್ಕೆ ಅರ್ಧ ದಾರಿಯಲ್ಲಿ ಅಂಗೈ ಬೇಕಾಗುತ್ತದೆ, ಆಮೇಲೆ ಎರಡೂ ಕೈ, ಕೊನೆಗೆ ಅದು ನಿಂತೇಬಿಡುತ್ತದೆ. ಅದು ನಿಲ್ಲುವ ಹೊತ್ತಿಗೆ ಸರಿಯಾಗಿ ವ್ಯಾಪಾರಿಗೆ ಒಂದು ಫೋನು ಬರುತ್ತದೆ.

ಮುಂದೆ ಸ್ಪಿಂಡಲ್ಲು. ಡಯಲ್ ಗೇಜನ್ನು ಬೆಡ್ಡಿನ ಮೇಲೆ ಕೂರಿಸಿ, ಅದರ ಮುಳ್ಳನ್ನು ಸ್ಪಿಂಡಲ್ ಮೂತಿಗೆ ತಾಗಿಸಿ, ಚಕ್ಕಿನಲ್ಲಿ ಉದ್ದನೆಯ ಸರಳು ಕಚ್ಚಿಸಿ ಮೇಲಕ್ಕೆತ್ತಬೇಕು. ಡಯಲ್ಲಿನ ಒಂದು ಗೀರು ಎಂದರೆ ಮಿಲಿಮೀಟರಿನ ನೂರನೆಯ ಒಂದು ಪಾಲು. ಒಂದೆರಡು ಗೀರು ಕದಲಿದರೆ ಸಾಮಾನ್ಯ. ಹತ್ತು ಗೀರು ಹಾರಿದರೆ ಬೇರಿಂಗಿನ ಕಥೆ ಮುಗಿದಿದೆ ಅಥವಾ ಬೇರಿಂಗು ಸಡಿಲಾಗಿದೆ. ಯಾವುದು ಎಂಬುದನ್ನು ಬಿಚ್ಚಿ ನೋಡದೆ ಹೇಳಲಾಗದು, ಬಿಚ್ಚಲು ವ್ಯಾಪಾರಿ ಬಿಡನು. ಈ ಪರೀಕ್ಷಾಕಾಂಡದ ಆಚಾರ್ಯರು ಬರ್ಲಿನ್ನಿನ ಗಿಯೋರ್ಗ್ ಶ್ಲೆಸಿಂಗರ್. ಹೊಸ ಯಂತ್ರ ಎಷ್ಟರವರೆಗೆ ಸೊಟ್ಟಗಿರಬಹುದು ಎಂದು 1927ರ ತಮ್ಮ ಗ್ರಂಥದಲ್ಲಿ ಅಂಕಿಸಹಿತ ಕಟ್ಟಳೆ ಹಾಕಿದವರು. ಅವರ ಕೋಷ್ಟಕಗಳನ್ನು ಪೀಣ್ಯದ ಹಳೇ ಲೇತಿಗೆ ಅನ್ವಯಿಸಲು ಹೊರಟವರು ಬರಿಗೈಯಲ್ಲಿ, ಆದರೆ ಬಹಳ ತಿಳಿದುಕೊಂಡು ಮನೆಗೆ ಮರಳುತ್ತಾರೆ.

ಎರಡನೆಯದು ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸುವ ದೃಷ್ಟಾಂತ ಸುಪ್ರಸಿದ್ಧ. ಮೋಟಾರಿನಲ್ಲಿ ಹೊಗೆ ಕಂಡಾಗ ಊಹಿಸುತ್ತ ನಿಲ್ಲಬಾರದು, ಸ್ವಿಚ್ಚು ಆರಿಸಬೇಕು. ಅನುಮಾನಕ್ಕೆ ತಕ್ಕ ಸ್ಥಳ ಬೇರೆಯಿದೆ: ಎರಕದ ಮೈಯಲ್ಲಿ ಒಂದೇ ಒಂದು ಕಡೆ ಪುಟ್ಟಿ ನುಣುಪಾಗಿದ್ದರೆ ಅದರ ಅಡಿಯಲ್ಲಿ ಬಿರುಕಿಗೆ ಬ್ರೇಜಿಂಗ್ ಮಾಡಿದ ಗಾಯವಿದೆ.

ಉಪಮಾನಕ್ಕೆ ಗ್ರಂಥಗಳು ಕೊಡುವ ಉದಾಹರಣೆ ಹಸುವನ್ನು ಹೋಲುವ ಗವಯ ಎಂಬ ಕಾಡುಮೃಗ. ಪೇಟೆಯಲ್ಲಿ ಇದನ್ನೇ ‘ಹೆಚ್ಚೆಮ್ಟಿ ಟೈಪ್’ ಎನ್ನುತ್ತಾರೆ. ಗವಯ ಹಾಲು ಕೊಡುವುದೇ ಎಂದು ಕೇಳುವ ಧೈರ್ಯ ಯಾರಿಗೂ ಆಗಿಲ್ಲ.

ಶಬ್ದಪ್ರಮಾಣವೆಂದರೆ ಆಪ್ತವಾಕ್ಯ. “ಕಾಲೇಜು ಮಷೀನು ಸಾರ್, ಹುಡುಗ್ರು ವರ್ಷಕ್ಕೊಂದ್ಸಲ ಮುಟ್ಟಿದ್ರೆ ಹೆಚ್ಚು. ಕಣ್ಣು ಮುಚ್ಕೊಂಡು ತಗೊಂಡೋಗಿ” ಎಂಬ ವಾಕ್ಯ ಎಲ್ಲ ಗೋಡೌನುಗಳಲ್ಲೂ ಪಾಠಾಂತರವಿಲ್ಲದೆ ಕೇಳಿಬರುವುದರಿಂದ ಅದನ್ನು ಅಪೌರುಷೇಯವೆಂದು ಬಗೆಯುವವರಿದ್ದಾರೆ. ನಾವು ಒಪ್ಪುವುದಿಲ್ಲ. ಆಪ್ತನೆಂದರೆ ಜತೆಗೆ ಕರೆದೊಯ್ದ ಹಳೇ ಟರ್ನರ್ ಮೇಸ್ತ್ರಿ. ಅವರು ಮಾತಾಡುವುದಿಲ್ಲ, ಒಂದೊಂದೇ ಸ್ಪೀಡಿಗೆ ಗೇರು ಹಾಕಿಸಿ ಹೆಡ್‌ಸ್ಟಾಕಿನ ಕಡೆ ಕಿವಿ ಓರೆ ಮಾಡುತ್ತಾರೆ. ಸುತ್ತಿಗೊಮ್ಮೆ ತಪ್ಪದೆ ‘ಟಕ್’ ಎಂದರೆ ಯಾವುದೋ ಗೇರಿನ ಹಲ್ಲು ಮುರಿದಿದೆ. ವ್ಯಾಪಾರಿ ತಾನಾಗಿ ಓಡಿಸಿ ತೋರಿಸುವ ಸ್ಪೀಡಿನಲ್ಲಿ ಆ ಗೇರು ಯಾವತ್ತೂ ಇರುವುದಿಲ್ಲ. ಮೇಸ್ತ್ರಿ “ಟೀ ಕುಡಿಯೋಣ ನಡೀರಿ ಸಾರ್” ಎಂದರೆ ಆ ಲೇತಿನ ವಿಚಾರ ಅಲ್ಲಿಗೆ ಸಮಾಪ್ತ.

ಅರ್ಥಾಪತ್ತಿ ಸೂಕ್ಷ್ಮ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ. ಆದಕಾರಣ ರಾತ್ರಿ ಉಣ್ಣುತ್ತಾನೆ. ಕಾಲೇಜು ಲೇತನ್ನು ಹುಡುಗರು ಮುಟ್ಟಿಲ್ಲ, ಆದರೂ ಚಕ್ಕಿನ ಮೂರು ‘ಜಾ’ ದವಡೆಗಳ ಬಾಯಿ ಸವೆದು ಅಗಲವಾಗಿದೆ. ಆದಕಾರಣ ಅದು ರಾತ್ರಿ ಪಾಳಿಯಲ್ಲಿ ಯಾರದೋ ಜಾಬ್‌ವರ್ಕ್ ಮಾಡಿದೆ.

ಕೊನೆಯದು ಅನುಪಲಬ್ಧಿ, ಅಂದರೆ ಇಲ್ಲದ್ದನ್ನು ಇಲ್ಲವೆಂದು ಕಾಣುವುದು. ಎಲ್ಲಕ್ಕಿಂತ ದುಬಾರಿ ಇದೇ. ನಾಲ್ಕು ಜಾ ಚಕ್ ಇಲ್ಲ, ಸ್ಟೆಡಿ ಇಲ್ಲ, ಟೇಲ್‌ಸ್ಟಾಕಿನ ಸೆಂಟರು ಇಲ್ಲ. ಮರೆ ಕೊಯ್ಯಲು ಬದಲಾಯಿಸಿ ಹಾಕುವ ಚೇಂಜ್ ಗೇರುಗಳಲ್ಲಿ 127 ಹಲ್ಲಿನದಂತೂ ಖಂಡಿತ ಇಲ್ಲ. ಐದು ಇಂಚೆಂದರೆ ಸರಿಯಾಗಿ 127 ಮಿಲಿಮೀಟರು. ಇಂಚಿನ ಲೀಡ್‌ಸ್ಕ್ರೂ ಇರುವ ಲೇತಿನಲ್ಲಿ ಮೆಟ್ರಿಕ್ ಮರೆಯನ್ನು ಕರಾರುವಾಕ್ಕಾಗಿ ಕೊಯ್ಯಲು ಆ ಗೇರೇ ಬೇಕು. ಕಳೆದುಹೋದ ಆ ಗೇರುಗಳೆಲ್ಲ ಎಲ್ಲಿಗೆ ಹೋದವೆಂಬುದು ಸ್ವತಂತ್ರ ಸಂಶೋಧನೆಗೆ ಯೋಗ್ಯವಾದ ವಿಷಯ.

ಬೆಲೆಯ ವಿಚಾರ ಚಿಕ್ಕದು. ಹಳೇ ಯಂತ್ರಕ್ಕೆ ನೆಲಗಟ್ಟಿನ ಬೆಲೆ ಗುಜರಿಯ ಕೇಜಿ ದರ. ಅದಕ್ಕಿಂತ ಕೆಳಗೆ ಇಳಿದರೆ ಫೌಂಡ್ರಿಯವರು ಒಯ್ಯುತ್ತಾರೆ. ನೀವು ಚೌಕಾಸಿ ಮಾಡುತ್ತಿರುವ ಬೆಡ್ಡು ಬೆಳಗಾವಿ ಕಡೆಯ ಕುಲುಮೆಯಲ್ಲಿ ಕರಗಿ ಪಂಪಿನ ಮೈಯಾಗಿ ಬರಬಹುದು. ಈ ಚಿಂತೆಯಿಂದ ಕರಗಿ ಹೇಳಿದ ಬೆಲೆ ಕೊಟ್ಟವರನ್ನು ಶಾಸ್ತ್ರ ದಯಾವೀರರೆಂದು ಗುರುತಿಸುತ್ತದೆ.

ವಿದ್ಯುತ್ತಿನದು ಮಾತ್ರ ತೊಡಕಿನ ಪ್ರಕರಣ. ಲೇತಿನ ಮೋಟಾರು ಬೇಡುವುದು ಮೂರು ಫೇಸು, 415 ವೋಲ್ಟು. ಮನೆಯಲ್ಲಿ ಸಾಮಾನ್ಯವಾಗಿ ಇರುವುದು ಒಂದು ಫೇಸು, 230. ಎರಡು ಹೆಚ್‌ಪಿವರೆಗಿನ ಮೋಟಾರುಗಳನ್ನು ನಮ್ಮಲ್ಲಿ ಸಾಮಾನ್ಯವಾಗಿ ಸ್ಟಾರ್ ಜೋಡಣೆಯಲ್ಲಿ ಬಿಟ್ಟಿರುತ್ತಾರೆ. ಅಂಥದ್ದರ ಡಬ್ಬಿ ಬಿಚ್ಚಿ ತಾಮ್ರದ ಪಟ್ಟಿಗಳನ್ನು ಡೆಲ್ಟಾಕ್ಕೆ ತಿರುಗಿಸಿ, ಒಂದು ಫೇಸು ತೆಗೆದುಕೊಂಡು ಮೂರು ಫೇಸು ಕೊಡುವ ವಿಎಫ್‌ಡಿ ಡ್ರೈವು ಸೇರಿಸಿದರೆ ಯಂತ್ರ ತಿರುಗುತ್ತದೆ. ಡಬ್ಬಿಯಲ್ಲಿ ಆರು ತುದಿಗಳಿರಬೇಕೆಂಬುದು ನಿಯಮ. ಮೂರೇ ಇದ್ದರೆ ರೀವೈಂಡಿಂಗ್ ಅಂಗಡಿಯವನ ಮನೆಯ ದೀಪಾವಳಿಗೆ ನಿಮ್ಮದೂ ಒಂದು ಕಾಣಿಕೆ.

ಸಾಗಣೆಗೆ ಒಂದೇ ವಿಧಿ: ಲೇತಿನ ಭಾರವೆಲ್ಲ ಹೆಡ್‌ಸ್ಟಾಕಿನ ಕಡೆ, ಅದೂ ಮೇಲ್ಗಡೆ. ನಡುವಿಗೆ ಸರಪಣಿ ಕಟ್ಟಿ ಎತ್ತಿದರೆ ಮಗುಚುತ್ತದೆ. ಚೈನ್ ಪುಲ್ಲಿಯವರು ಇದನ್ನು ಬಲ್ಲರು. ಅವರಿಗೆ ಸಲಹೆ ಕೊಡಲು ನೆರೆಯುವ ಬೀದಿಯವರು ಅರಿಯರು.

ಲೇತು ಒಳಗೆ ಬಂತು, ತಿರುಗಿತು. ಇನ್ನು ಪ್ರಯೋಜನ. ಶಾಸ್ತ್ರಕಾರರು ಇದನ್ನು ಮೊದಲಲ್ಲೇ ಹೇಳುತ್ತಾರೆ. ನಮಗೆ ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಳಿಕೊಂಡು ಬಂದೆವು. ಈ ಲೇತಿನಲ್ಲಿ ತಯಾರಾಗುವುದೇನು? ಅನುಭವಿಗಳ ಪ್ರಕಾರ ಮೊದಲ ಕೆಲಸ ಲೇತಿನದೇ ಕ್ರಾಸ್‌ಸ್ಲೈಡಿನ ಸವೆದ ಗನ್‌ಮೆಟಲ್ ನಟ್ಟು. ಎರಡನೆಯದು ಆ ನಟ್ಟನ್ನು ಮಾಡಲು ಬೇಕಾದ ಬೋರಿಂಗ್ ಬಾರು. ಮೂರನೆಯದು ಬೋರಿಂಗ್ ಬಾರನ್ನು ಹಿಡಿಯುವ ಹೋಲ್ಡರು. ಇದನ್ನು ಅನವಸ್ಥಾ ದೋಷವೆಂದು ಪೂರ್ವಪಕ್ಷದವರು, ಅದರಲ್ಲೂ ಒಂದೇ ಸೂರಿನಡಿ ವಾಸಿಸುವವರು, ಆಕ್ಷೇಪಿಸುತ್ತಾರೆ. ಯಂತ್ರವು ಯಂತ್ರಕ್ಕಾಗಿಯೇ ಇರುವ ನಿತ್ಯಕರ್ಮವೆಂದೂ ಅದಕ್ಕೆ ಫಲ ಕೇಳಬಾರದೆಂದೂ ಸಿದ್ಧಾಂತಿ ಉತ್ತರಿಸುತ್ತಾನೆ.

ಈ ವಾದ ಮುಗಿಯುವ ಮುನ್ನವೇ ಪಕ್ಕದ ಮನೆಯವರು ಮಿಕ್ಸಿ ಜಾರು ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ, ಬುಷ್ ಸವೆದಿದೆ, ಚಟ್ನಿ ಸೋರುತ್ತಿದೆಯೆಂದು. ಸಿದ್ಧಾಂತಿ ಗನ್‌ಮೆಟಲ್ ತುಂಡು ಚಕ್ಕಿಗೆ ಕಚ್ಚಿಸಿ, ಡಯಲ್ ಹಾಕಿ ನೇರ ನಿಲ್ಲಿಸಿ, ತೂತು ಕೊರೆದು, ರೀಮರ್ ಎಳೆದು, ಮಧ್ಯಾಹ್ನದ ಊಟ ತಪ್ಪಿಸಿಕೊಂಡು ಒಂದು ಬುಷ್ ಮಾಡಿಕೊಡುತ್ತಾನೆ. ಪ್ರಯೋಜನ ಸಿದ್ಧವಾಯಿತು. ಅದೇ ಬುಷ್ ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆಂಬ ಆಕ್ಷೇಪ ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.