'ಇಲ್ಲೇ' ಮೀಮಾಂಸೆ

ತಿಪಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಚೀಲ ಹಿಡಿದು, ಕತ್ತು ಚಾಚಿ ಬಸ್ಸಿನ ದಾರಿ ನೋಡುತ್ತಿರುವವನನ್ನು ಪರಿಚಯದವನೊಬ್ಬ 'ಏನ್ ಸಾರ್, ಬಸ್ಸಿಗಾ?' ಎಂದು ಕೇಳುತ್ತಾನೆ. ಮೂಟೆ ಹೇರಿಕೊಂಡು ಎಪಿಎಂಸಿ ಕಡೆ ಹೊರಟವನಿಗೆ 'ಕೊಬ್ಬರಿ ಹಾಕಕ್ಕಾ?', ಖಾಲಿ ಕ್ಯಾನು ಅಲ್ಲಾಡಿಸುತ್ತ ಡೇರಿಯಿಂದ ಬರುವವನಿಗೆ 'ಹಾಲು ಹಾಕಿ ಬಂದ್ರಾ?' ಪ್ರತ್ಯಕ್ಷ ಪ್ರಮಾಣ ಕಣ್ಣೆದುರೇ ಇರುವಾಗ ಶಬ್ದಪ್ರಮಾಣ ಬೇಡುವ ಈ ಪದ್ಧತಿಯನ್ನು ನೈಯಾಯಿಕರು ಒಪ್ಪಲಾರರು. ಆದರೂ ಸಣ್ಣ ಊರೊಂದು ನಿಂತಿರುವುದು ಇಂಥ ಕೆಲಸಕ್ಕೆ ಬಾರದ ಪ್ರಶ್ನೆಗಳ ಮೇಲೆಯೇ, ನಗರಸಭೆಯ ಮೇಲಲ್ಲ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

ಹೊರಟವರನ್ನು 'ಎಲ್ಲಿಗೆ?' ಎನ್ನುವುದು ಅಪಶಕುನ. ಆದ್ದರಿಂದ ಬಲ್ಲವರು 'ದೂರ ಹೊರಟ್ರಾ?' ಎನ್ನುತ್ತಾರೆ. ಶಾಸ್ತ್ರೋಕ್ತ ಉತ್ತರ ಒಂದೇ: 'ಇಲ್ಲೇ.' 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸಂಧಿ ಸಮಾಸಗಳನ್ನೆಲ್ಲ ಇತ್ಯರ್ಥ ಮಾಡಿದನಾದರೂ, 'ಇಲ್ಲೇ' ಎಂದರೆ ಎಷ್ಟು ದೂರವೆಂದು ನಿಗದಿಪಡಿಸುವ ಕೆಲಸವನ್ನು ನಮಗೆ ಬಿಟ್ಟುಹೋದ. ಮೂಲೆಯ ಬೀಡಾ ಅಂಗಡಿಯೂ ಇಲ್ಲೇ, ಸುಮಾರು 140 ಕಿ.ಮೀ. ಆಚೆಯ ಬೆಂಗಳೂರೂ ಇಲ್ಲೇ. ಸುದ್ದಿ ತಿಳಿಸುವುದಕ್ಕಲ್ಲದೆ ನಂಟು ಬೆಸೆಯುವುದಕ್ಕೆಂದೇ ಆಡುವ ಮಾತುಗಳಿವೆ ಎಂದು ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1923ರಲ್ಲಿ ಬರೆದ. ಮೆಲನೇಷಿಯಾದವರ 'ಎಲ್ಲಿಂದ ಬಂದೆ?' ಎಂಬುದನ್ನೇ ಉದಾಹರಣೆ ಕೊಟ್ಟ. ಇದಕ್ಕಾಗಿ ಆತ ಪೆಸಿಫಿಕ್ ದ್ವೀಪಗಳ ತನಕ ಹೋಗಬೇಕಾಗಿರಲಿಲ್ಲ. ಬೆಂಗಳೂರಿನಿಂದ ಅರಸೀಕೆರೆಯ ರೈಲು ಹತ್ತಿದ್ದರೆ ದಾರಿಯಲ್ಲೇ ತಿಪಟೂರು ಸಿಗುತ್ತಿತ್ತು.

ಹೇತು ಏನೆಂದರೆ, ಈ ಪ್ರಶ್ನೆ ಹಾಜರಿ ಪುಸ್ತಕ. 'ಬಸ್ಸಿಗಾ?' ಎಂದವನು ಕೇಳಿದ್ದು ಬಸ್ಸಿನ ವಿಚಾರವನ್ನಲ್ಲ. ನೀನು ಇದ್ದೀಯ, ಕಂಡೆ ಎಂದು ಟಿಕ್ ಹಾಕಿಕೊಂಡ, ಅಷ್ಟೆ. ನಾಲ್ಕು ದಿನ ಟಿಕ್ ಬೀಳದಿದ್ದರೆ ಐದನೆಯ ದಿನ 'ಎಲ್ಲೋ ಹೋಗಿದ್ರಾ, ಕಾಣ್ಲೇ ಇಲ್ಲ?' ಎಂಬ ನೋಟಿಸು ಜಾರಿಯಾಗುತ್ತದೆ. ಉತ್ತರದಲ್ಲಿ ತಿರುಳಿರಬಾರದು ಎಂಬುದೂ ಇದರಿಂದಲೇ ಸಿದ್ಧ. 'ಶುಗರ್ ಟೆಸ್ಟಿಗೆ ಹೊರಟೆ, ಹೋದ ಸಲ ಫಾಸ್ಟಿಂಗ್‌ನಲ್ಲಿ...' ಎಂದು ಪ್ರಾಮಾಣಿಕವಾಗಿ ಶುರುಮಾಡುವವನೇ ವ್ಯವಸ್ಥೆಗೆ ನಿಜವಾದ ಅಪಾಯ. ಅವನನ್ನು ಕಂಡರೆ ಜನ ರಸ್ತೆ ದಾಟುತ್ತಾರೆ.

ಇದೆಲ್ಲ ಮೂಗು ತೂರಿಸುವ ಚಟವಷ್ಟೇ ಎಂಬುದು ಮಹಾನಗರದ ಪೂರ್ವಪಕ್ಷ. ಇದು ನಿಲ್ಲದು. 'ಇಲ್ಲೇ' ಎಂದೊಡನೆ ತೃಪ್ತನಾಗಿ ಹೋಗುವವನಿಗೆ ಮೂಗೇ ಇಲ್ಲ. ಮೂಗಿರುವುದು 'ಇಲ್ಲೇ ಅಂದ್ರೆ ಎಲ್ಲಿ?' ಎನ್ನುವವನಿಗೆ, ಮತ್ತು ಅವನಿಗೆ ಊರಿನಲ್ಲೂ ಮರ್ಯಾದೆ ಅಷ್ಟಕ್ಕಷ್ಟೆ. ಮೊಬೈಲು ಬಂದ ಮೇಲೆ ಇದರ ಅಗತ್ಯವಿಲ್ಲವೆಂಬ ವಾದವೂ ಹಾಗೆಯೇ. ಮೊಬೈಲಿನ 'ಎಲ್ಲಿದೀಯ?' ನಿಜವಾಗಿಯೂ ಮಾಹಿತಿ ಬಯಸುತ್ತದೆ, ಅದಕ್ಕೇ 'ದಾರೀಲಿದೀನಿ' ಎಂಬ ಸುಳ್ಳು ದಕ್ಕಿಸಿಕೊಳ್ಳುತ್ತದೆ. 'ಇಲ್ಲೇ' ಎಂದವನ ಮೇಲೆ ಸುಳ್ಳಿನ ಆರೋಪ ಹೊರಿಸಲು ಬಾರದು. ಮೂರನೆಯ ಆಕ್ಷೇಪದ ಮುಂದೆ ಮಾತ್ರ ಪ್ರಬಂಧಕಾರನ ಪಾಂಡಿತ್ಯ ತಡವರಿಸುತ್ತದೆ. ಸಂಜೆ ಟ್ಯೂಷನ್ನಿಗೆ ಹೊರಟ ಹುಡುಗಿ 'ಇಲ್ಲೇ' ಎಂದರೆ ಊರಿಗೆ ಸಾಲುವುದಿಲ್ಲ. ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ಸು ಎಲ್ಲವನ್ನೂ ಒಪ್ಪಿಸಬೇಕು, ಅವಳಿಗದು ಚೆಕ್‌ಪೋಸ್ಟ್. ಇತ್ತ ನಸುಕಿನಲ್ಲಿ ಬೀದಿಯುದ್ದಕ್ಕೂ ಕಸ ಗುಡಿಸಿ ಬಂದ ಪೌರಕಾರ್ಮಿಕಳನ್ನು 'ಆಯ್ತಾ?' ಎಂದು ಕೇಳುವವರೇ ಕಡಿಮೆ. ಇದು ಸಿದ್ಧಾಂತವನ್ನು ಮುರಿಯುವುದಿಲ್ಲ, ಇನ್ನಷ್ಟು ಗಟ್ಟಿ ಮಾಡುತ್ತದೆ, ದುರದೃಷ್ಟವಶಾತ್. ಹಾಜರಿ ಪುಸ್ತಕದಲ್ಲಿ ಯಾರ ಹೆಸರಿಲ್ಲ, ಯಾರ ಹೆಸರಿನ ಮುಂದೆ ಕೆಂಪು ಗೆರೆಯಿದೆ ಎಂದು ನೋಡಿದರೆ ಊರು ಯಾರನ್ನು ತನ್ನವರೆಂದುಕೊಂಡಿದೆ ಎಂಬುದು ಜನಗಣತಿಗಿಂತ ಸ್ಪಷ್ಟವಾಗಿ ಕಾಣುತ್ತದೆ.

ಬಸ್‌ಸ್ಟ್ಯಾಂಡಿನವನ ಉತ್ತರ ಬಾಕಿ ಉಳಿಯಿತು. 'ಹ್ಞೂಂ, ಇಲ್ಲೇ' ಎಂದು ಅವನು ಬೆಂಗಳೂರು ಬೋರ್ಡಿನ ಬಸ್ಸು ಹತ್ತುತ್ತಾನೆ. ಕೇಳಿದವನೂ ಅದೇ ಬಸ್ಸು ಹತ್ತಿ ಪಕ್ಕದಲ್ಲೇ ಕೂತು, ಟವೆಲಿನಿಂದ ಮುಖ ಒರೆಸಿಕೊಂಡು ಕೇಳುತ್ತಾನೆ: 'ತಿಂಡಿ ಆಯ್ತಾ?'