ಮಡಿ ಸಬ್ಬಕ್ಕಿ, ಮೈಲಿಗೆ ನೀರು

ಏಕಾದಶಿಗೆ ಅನ್ನ ನಿಷಿದ್ಧ. ಸಬ್ಬಕ್ಕಿ ನಡೆಯುತ್ತದೆ. ಆಲೂಗಡ್ಡೆ, ಕಡಲೆಬೀಜ ಬೆರೆಸಿ ಎರಡು ತಟ್ಟೆ ಬಾರಿಸಿದರೂ ಉಪವಾಸ ಕೆಡುವುದಿಲ್ಲ. ಕಾಳು ಮಾತ್ರ ಮುತ್ತಿನಂತೆ ಬೆಳ್ಳಗಿರಬೇಕು. ಕೊಂಚ ಮಾಸಲಾಗಿದ್ದರೆ ಅಂಗಡಿಗೆ ವಾಪಸ್.

ಈ ಮಡಿ ಪದಾರ್ಥ ಬಹುಪಾಲು ಬರುವುದು ತಮಿಳುನಾಡಿನ ಸೇಲಂ, ನಾಮಕ್ಕಲ್ ಕಡೆಯ ಮಿಲ್‌ಗಳಿಂದ. ಮರಗೆಣಸು ತೊಳೆದು, ಸಿಪ್ಪೆ ತೆಗೆದು, ಅರೆದು, ಹಾಲು ಸೋಸಿ ತೊಟ್ಟಿಯಲ್ಲಿ ಗಂಟೆಗಟ್ಟಲೆ ಬಿಡುತ್ತಾರೆ. ಪಿಷ್ಟ ತಳಕ್ಕೆ ಕೂರುತ್ತದೆ. ಮೇಲಿನ ನೀರು ಹೊರಕ್ಕೆ.

ಆ ನೀರು ಹುಳಿ. ಗೆಣಸಿನ ಸಯನೈಡ್ ಅಂಶವೂ ಅದರಲ್ಲಿ ಇಳಿದಿರುತ್ತದೆ. ನಿಂತರೆ ನಾರುತ್ತದೆ. ಹಳ್ಳಕ್ಕೆ ಹರಿದರೆ ಮೀನಿಗೆ ಉಸಿರಿಲ್ಲ. ನೆಲಕ್ಕೆ ಇಂಗಿದರೆ ಪಕ್ಕದ ರೈತನ ಬಾವಿ ಹಾಳು.

ಹಾಗಾದರೆ ಮಿಲ್‌ನವರು ದಡ್ಡರೇ? ಎಲ್ಲಿ ಬಂತು! ಸೋಸಿ ಉಳಿದ ನಾರನ್ನು, ಅಲ್ಲಿಯವರು ತಿಪ್ಪಿ ಅನ್ನುವುದನ್ನು, ಒಣಗಿಸಿ ದನದ ಮೇವಿಗೆ ಮಾರುತ್ತಾರೆ. ಹಿಡಿಯಷ್ಟೂ ಬಿಡುವುದಿಲ್ಲ. ಬೆಲೆ ಬರುವುದೆಲ್ಲ ಉಪ ಉತ್ಪನ್ನ. ಬಾರದ್ದು ಊರಿನ ಪಾಲು. ಮಿಲ್ ಎತ್ತುವ ಬೋರ್‌ವೆಲ್ ನೀರಿಗೆ ಬಿಲ್ ಬರುವುದಿಲ್ಲವಲ್ಲ.

ದಾರಿ ಗೊತ್ತಿಲ್ಲವೇ? ಗೊತ್ತು. ಪಿಷ್ಟ ತೊಳೆದ ನೀರಿನಲ್ಲೇ ಮುಂದಿನ ಲೋಡಿನ ಮಣ್ಣು ಮೆತ್ತಿದ ಗೆಣಸು ತೊಳೆಯಬಹುದು. ಉಳಿದದ್ದನ್ನು ಗಾಳಿಯಾಡದ ಟ್ಯಾಂಕಿಗೆ ಬಿಟ್ಟರೆ ಮಿಥೇನ್ ಸಿಗುತ್ತದೆ. ಅದೇ ಗ್ಯಾಸಿನಲ್ಲಿ ಸಬ್ಬಕ್ಕಿ ಹುರಿಯಬಹುದು. ಸೇಲಂ ಭಾಗದಲ್ಲೇ ಇಂಥ ಬಯೋಗ್ಯಾಸ್ ಘಟಕಗಳು ನಡೆದಿವೆ. ಮೈ ಉರಿಯುವುದು ಇದಕ್ಕೇ. ಆಗದ ಕೆಲಸವಾಗಿದ್ದರೆ ಸುಮ್ಮನಿರಬಹುದಿತ್ತು.

ಮೆಕ್ಕೆಜೋಳದ ಪಿಷ್ಟದವರು ಕಾಳು ನೆನೆಸಿದ ನೀರನ್ನೂ ಬತ್ತಿಸಿ, ಗಟ್ಟಿ ಮಾಡಿ ಮಾರುತ್ತಾರೆ. 1940ರ ದಶಕದಲ್ಲಿ ಅಮೆರಿಕದ ಪಿಯೋರಿಯಾದಲ್ಲಿ ಪೆನಿಸಿಲಿನ್ ಇಳುವರಿ ಏರಿದ್ದು ಆ ಗಬ್ಬು ನೀರು ಬೆರೆಸಿದ್ದರಿಂದ. ಅಲ್ಲಿ ಜೀವ ಉಳಿಸಿತು. ಇಲ್ಲಿ ಗೆಣಸಿನ ನೀರು ಚರಂಡಿ ಹುಡುಕುತ್ತದೆ.

ಕಾನೂನಿಲ್ಲವೇ? 1974ರ ಜಲ ಕಾಯ್ದೆ ಇದೆ. ಮಾಲಿನ್ಯ ನಿಯಂತ್ರಣ ಮಂಡಳಿ ಇದೆ. ಫೈಲಿನಲ್ಲಿ ನೀರು ಸದಾ ತಿಳಿಯಾಗಿಯೇ ಇರುತ್ತದೆ. ಇನ್‌ಸ್ಪೆಕ್ಷನ್ ದಿನ ಮಾತ್ರ ಮೋಟಾರ್ ತಿರುಗುವ ಶುದ್ಧೀಕರಣ ಘಟಕ ಈ ದೇಶಕ್ಕೇನು ಹೊಸದೇ? ಉಳಿದ ಕರೆಂಟ್ ಬಿಲ್ ಮಾಲೀಕರ ಲಾಭ. ಟ್ಯಾಂಕರ್ ನೀರಿನ ಬಿಲ್ ರೈತನ ಖರ್ಚು.

2023ರಲ್ಲಿ ಸೇಲಂ ಸಬ್ಬಕ್ಕಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಸಂತೋಷ. ಮಿಲ್ ಪಕ್ಕದ ಬಾವಿಗಳಿಗೂ ಒಂದು ಕೊಟ್ಟುಬಿಡಿ. ಆ ಹುಳಿ ಬೇರೆ ಊರಿನ ನೀರಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ.