ಪುಟ್ಟಣ್ಣನ ನಾಮಾಂತರ

ಪುಟ್ಟಣ್ಣ ಎಂಬುವವನು ಒಬ್ಬನಲ್ಲ, ಬಡಾವಣೆಗೊಬ್ಬ ಸಿಗುತ್ತಾನೆ. ವಯಸ್ಸು ಅರವತ್ತರ ಆಸುಪಾಸು. ಕಂಕುಳಲ್ಲಿ ಜಿಪ್ ಇರುವ ಪ್ಲಾಸ್ಟಿಕ್ ಫೈಲು. ಅದರೊಳಗೆ ಲ್ಯಾಮಿನೇಟ್ ಮಾಡಿಸಿದ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದರ ಜೆರಾಕ್ಸು, ಜೆರಾಕ್ಸಿನ ಮೇಲೆ ಯಾವ ಕಾಲದಲ್ಲೋ ನಿವೃತ್ತರಾದ ಗೆಜೆಟೆಡ್ ಅಧಿಕಾರಿಯೊಬ್ಬರ ಹಸಿರು ಸಹಿ. ಊರು ಅವನನ್ನು ಪುಟ್ಟಣ್ಣ ಎನ್ನುತ್ತದೆ. ಅಂಕಪಟ್ಟಿ ಲಕ್ಷ್ಮೀನರಸಿಂಹಯ್ಯ ಎನ್ನುತ್ತದೆ. ನೌಕರಿ, ಸಾಲ, ಸ್ವಂತ ಮನೆ, ಮಗಳ ಮದುವೆ ಎಲ್ಲ ಮುಗಿದು ಇನ್ನು ಆರಾಮಾಗಿ ಇರೋಣ ಅನ್ನುವ ಹೊತ್ತಿಗೆ, ಕಾಗದದ ಪ್ರಕಾರ ತಾನು ಇಬ್ಬರು ಎಂಬ ಸಂಗತಿ ಅವನಿಗೆ ತಿಳಿದುಬರುತ್ತದೆ.

ನಮ್ಮ ಮೈಸೂರಿನ ಪುಟ್ಟಣ್ಣನಿಗೆ ತಿಳಿದದ್ದು ಪಾಸ್‌ಪೋರ್ಟಿನ ದೆಸೆಯಿಂದ. ನ್ಯೂಜೆರ್ಸಿಯಲ್ಲಿರುವ ಮಗಳು ಬಾಣಂತನಕ್ಕೆ ಕರೆದಿದ್ದಳು. ಅರ್ಜಿ ತುಂಬಲು ಕೂತಾಗ ದಾಖಲೆಗಳೆಲ್ಲ ಊಟದ ಮೇಜಿನ ಮೇಲೆ ಒಂದನ್ನೊಂದು ದುರುಗುಟ್ಟಿದವು. ಅಂಕಪಟ್ಟಿಯಲ್ಲಿ, ಪ್ಯಾನ್ ಕಾರ್ಡಿನಲ್ಲಿ ಲಕ್ಷ್ಮೀನರಸಿಂಹಯ್ಯ. ಆಧಾರಿನಲ್ಲಿ ಪುಟ್ಟಣ್ಣ. ಊರ ಕಡೆಯ ಪಹಣಿಯಲ್ಲಿ ‘ಲಚ್ಮಿನರಸಯ್ಯ ಉರುಫ್ ಪುಟ್ಟ’. ಮತದಾರರ ಪಟ್ಟಿಯಲ್ಲಿ ‘ಪುಟ್ಟಣ’. ಒತ್ತಕ್ಷರ ಯಾವುದೋ ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡಿದೆ. ಮಗಳು ಫೋನಿನಲ್ಲೇ ಎಚ್ಚರಿಸಿದಳು: “ಅಪ್ಪಾ, ಇರೋ ಒಂದು ಹೆಸರನ್ನ ಸರ್‌ನೇಮ್ ಜಾಗದಲ್ಲಿ ತುಂಬಿಬಿಟ್ಟೀರ! ಆಮೇಲೆ ವೀಸಾದಲ್ಲಿ ಫಸ್ಟ್ ನೇಮ್ ಅಂತ ಇರೋ ಕಡೆ ಎಫ್‌ಎನ್‌ಯು ಅಂತ ಹೊಡೀತಾರೆ. ಫಸ್ಟ್ ನೇಮ್ ಅನ್‌ನೋನ್ ಅಂತ ಅರ್ಥ.”

“ಎರಡೆರಡು ಹೆಸರು ಇಟ್ಕೊಂಡು ಅಜ್ಞಾತವಾಸವೇನಮ್ಮಾ?” ಅಂದ ಪುಟ್ಟಣ್ಣ.

ಏಜೆಂಟ್ ಹುಡುಗ ಸುಲಭ ದಾರಿ ಹೇಳಿದ. “ಎರಡರಲ್ಲಿ ಒಂದು ಹೆಸರು ಫೈನಲ್ ಮಾಡಿ ಸಾರ್. ಅಫಿಡವಿಟ್ಟು, ಎರಡು ಪೇಪರಲ್ಲಿ ಜಾಹೀರಾತು, ಗೆಜೆಟ್ಟು. ಮುಗೀತು.” ಬೇರೆಯವರಾದರೆ ಮುಗಿಯುತ್ತಿತ್ತು. ಪುಟ್ಟಣ್ಣ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಸವೆದ ಜೀವ. ಮನೆಗೆ ಬಂದವನೇ ಗೀಟು ಹಾಕಿದ ಉದ್ದನೆ ನೋಟ್‌ಬುಕ್ ತೆಗೆದು, ಎಡಗಡೆ ‘ಲ.ನ.’, ಬಲಗಡೆ ‘ಪು.’ ಅಂತ ಎರಡು ಖಾತೆ ತೆರೆದ. ಅವತ್ತಿನಿಂದ ಎದುರಿಗೆ ಸಿಕ್ಕವರೆಲ್ಲ ಆ ಪುಸ್ತಕಕ್ಕೆ ಜಮೆಯಾಗತೊಡಗಿದರು. ಹಾಲಿನವನ ಅಭಿಪ್ರಾಯ ಪು. ಕಡೆಗೆ ಹೋಯಿತು. ಹಲ್ಲಿನ ಡಾಕ್ಟರು ಲ.ನ. ಎಂದರು, ಪಾಪ, ಆಗ ಪುಟ್ಟಣ್ಣ ಬಾಯಿ ತೆರೆದುಕೊಂಡು ಮಲಗಿದ್ದರಿಂದ ಚರ್ಚೆ ಬೆಳೆಯಲಿಲ್ಲ.

ಹೆಂಡತಿಯ ಅಭಿಪ್ರಾಯ ಎರಡೂ ಕಡೆ ಹಿಡಿಸಲಿಲ್ಲ. “ನಾನು ನಿಮ್ಮನ್ನ ಪುಟ್ಟಣ್ಣ ಅಂತಲೂ ಕರೆದಿಲ್ಲ, ಇನ್ನೊಂದಂತೂ ನನಗೆ ತಪ್ಪಿಲ್ಲದೆ ಬರೆಯೋಕೂ ಬರಲ್ಲ. ನಾನು ಕರೆಯೋದು ‘ರೀ’ ಅಂತ. ಅದನ್ನೇ ಗೆಜೆಟ್ ಮಾಡಿಸಿ, ಒಂದೇ ಅಕ್ಷರ, ಖರ್ಚೂ ಕಮ್ಮಿ” ಅಂದರು ಆಕೆ.

ಈ ಎರಡು ಹೆಸರಿನ ವ್ಯಾಧಿ ಬಂದದ್ದಾದರೂ ಎಲ್ಲಿಂದ? ಮೂಲ ಹುಡುಕಿದರೆ ಅದು ಪುಟ್ಟಣ್ಣನ ತಾಯಿಯ ಅಡುಗೆಮನೆಯಲ್ಲಿದೆ. ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂಬುದೂ ಅಷ್ಟೇ ಹಳೆಯದು. ಎರಡೂ ಪದ್ಧತಿ ಒಂದೇ ತೊಟ್ಟಿಲಲ್ಲಿ ಬಂದು ಮಲಗಿದರೆ ಬಾಣಂತಿ ಏನು ಮಾಡಬೇಕು? ಮಾವ ಹಜಾರದಲ್ಲಿ ನಶ್ಯ ಏರಿಸುತ್ತ ಕೂತಿದ್ದಾರೆ. ಇತ್ತ ಮಗ ಬೆಣ್ಣೆ ಗಡಿಗೆಗೆ ಕೈ ಹಾಕಿದ್ದಾನೆ. “ಲೋ ಲಕ್ಷ್ಮೀನರಸಿಂಹಯ್ಯ, ನಿನ್ ಕೈ ಮುರಿಯಾ!” ಎಂದು ಕೂಗಿದರೆ ಸಂಸಾರ ಉಳಿದೀತೇ? ಹೀಗಾಗಿ ಪುಟ್ಟ. ಅಪ್ಪಯ್ಯ, ಮರಿ, ಕುಳ್ಳ, ತಾತಪ್ಪ ಎಂದು ನಮ್ಮ ಮನೆಗಳಲ್ಲಿ ಓಡಾಡುವ ಎಷ್ಟೋ ಹೆಸರುಗಳು ಹುಟ್ಟಿದ್ದು ಮುದ್ದು ಮಾಡುವುದಕ್ಕಲ್ಲ, ಧಾರಾಳವಾಗಿ ಬೈಯುವುದಕ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ತಾಯಿಗೆ ಈಗ ಎಂಬತ್ತು ದಾಟಿದೆ. ಮಾವ ತೀರಿಕೊಂಡು ಎಷ್ಟೋ ಕಾಲವಾಯಿತು. ಬ್ಯಾಂಕಿನಲ್ಲಿ ನಾಮಿನಿಯ ಹೆಸರು ಕೇಳಿದರೆ ಇವತ್ತಿಗೂ ಪಕ್ಕದಲ್ಲಿ ನಿಂತ ಮಗನನ್ನು ತಿವಿದು, “ನೀನೇ ಹೇಳೋ” ಅನ್ನುತ್ತಾರೆ.

ಪುಟ್ಟಣ್ಣನ ನೋಟ್‌ಬುಕ್ ನಿಜವಾಗಿ ದಪ್ಪವಾದದ್ದು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ. ಅಲ್ಲಿ ಬೆಳಗಿನ ವಾಕಿಂಗಿಗೆ ಬರುವ ನಿವೃತ್ತರ ಗುಂಪು ಯಾವ ಸಮಸ್ಯೆಯನ್ನೂ ಒಂದೇ ಸುತ್ತಿನಲ್ಲಿ ಬಗೆಹರಿಸುವುದಿಲ್ಲ. ಮಾಜಿ ಕನ್ನಡ ಮೇಷ್ಟ್ರು ಮೊದಲ ದಿನವೇ ಪು. ಪಕ್ಷ ಹಿಡಿದರು. “ಏನಯ್ಯಾ, ಪುಟ್ಟ ಅಂದ್ರೆ ಸಣ್ಣದು ಅಂದ್ಕೊಂಡೆಯಾ? ಪಕ್ಕದಲ್ಲಿ ಮಾನಸಗಂಗೋತ್ರಿ ಇದೆಯಲ್ಲ, ಕಟ್ಟಿದ್ದು ಯಾರು? ಪುಟ್ಟಪ್ಪ!”

“ಅವರು ಪುಟ್ಟಪ್ಪ ಅಂತ ಎಲ್ಲಿ ಬರ್ಕೊಂಡ್ರು ಸಾರ್? ಕುವೆಂಪು ಅಂತ ಮಾಡ್ಕೊಂಡ್ರು. ಪುಟ್ಟಪ್ಪ ಅನ್ನೋದು ಕೊನೇಲಿ ಒಂದು ‘ಪು’ ಆಗಿ ಉಳೀತು” ಅಂದ ಪುಟ್ಟಣ್ಣ. ಮಾತಿನಲ್ಲಿ ಹುರುಳಿತ್ತು. ಗುಂಡಪ್ಪನವರೂ ಡಿವಿಜಿ ಆದವರೇ.

ವಕೀಲರೊಬ್ಬರು ಪುಟ್ಟಸ್ವಾಮಿಯವರನ್ನು ಎತ್ತಿಕೊಂಡರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು ಅದೇ ಪ್ರಕರಣದಲ್ಲಿ. “ದೇಶದ ಯಾವ ಕಾನೂನು ಕಾಲೇಜಿಗೆ ಬೇಕಾದ್ರೂ ಹೋಗಿ, ಹುಡುಗರು ‘ಪುಟ್ಟಸ್ವಾಮಿ, ಪುಟ್ಟಸ್ವಾಮಿ’ ಅಂತ ಬಾಯಿಪಾಠ ಮಾಡ್ತಿರ್ತಾರೆ” ಎಂದರು ವಕೀಲರು. ಪುಟ್ಟಣ್ಣ ನಿಂತಲ್ಲೇ ಎರಡು ಅಂಗುಲ ಬೆಳೆದ. ಪು. ಖಾತೆಗೆ ಒಂದು ದೊಡ್ಡ ಮೊತ್ತ ಬಿತ್ತು.

ಸಿನಿಮಾ ಹುಚ್ಚಿನ ಇನ್ನೊಬ್ಬರು ಪುಟ್ಟಣ್ಣ ಕಣಗಾಲರನ್ನು ತಂದರು. ಅವರದು ಸೀತಾರಾಮ ಶರ್ಮ ಎಂಬ ಗಂಭೀರ ಹೆಸರು. ತಾವು ಮಾತ್ರ ಪುಟ್ಟಣ್ಣನಾಗಿಯೇ ಉಳಿದು, 1972ರ ‘ನಾಗರಹಾವು’ ಚಿತ್ರಕ್ಕೆ ಬಂದ ಸಂಪತ್ ಕುಮಾರ್ ಎಂಬ ಹುಡುಗನಿಗೆ ವಿಷ್ಣುವರ್ಧನ ಎಂದು ರಾಜನ ಹೆಸರಿಟ್ಟರು. ಇದನ್ನು ಯಾವ ಖಾತೆಗೆ ಹಾಕಬೇಕೆಂದು ಪುಟ್ಟಣ್ಣನಿಗೆ ಇನ್ನೂ ತೀರ್ಮಾನವಾಗಿಲ್ಲ. ಎರಡೂ ಕಡೆ ಅರ್ಧರ್ಧ ಬರೆದುಕೊಂಡಿದ್ದಾನೆ. ಬ್ರೆಜಿಲ್ಲಿನ ಲೂಲಾ ಕೂಡ ಬಂದು ಹೋದರು. ಲೂಲಾ ಎಂಬುದು ಅಡ್ಡಹೆಸರು. 1982ರಲ್ಲಿ ಚುನಾವಣೆಗೆ ನಿಲ್ಲುವಾಗ ಅದನ್ನು ಕಾನೂನುಬದ್ಧವಾಗಿ ಹೆಸರಿನ ನಡುವೆ ಸೇರಿಸಿಕೊಂಡರು, ಮುಂದೆ ದೇಶದ ಅಧ್ಯಕ್ಷರೇ ಆದರು. “ನಾನೇನೂ ಎಲೆಕ್ಷನ್ನಿಗೆ ನಿಲ್ಲಲ್ಲ” ಎಂದು ಪುಟ್ಟಣ್ಣ ಹೇಳಿದನಾದರೂ, ಆ ಧ್ವನಿಯಲ್ಲಿ ಪೂರ್ತಿ ಖಚಿತತೆ ಇರಲಿಲ್ಲ.

ಅಷ್ಟರಲ್ಲಿ ಜ್ಯೋತಿಷ್ಯ ಬಲ್ಲವರೊಬ್ಬರು ಜಾತಕ ತರಿಸಿದರು. ಹಸ್ತ ನಕ್ಷತ್ರ, ಮೂರನೆಯ ಪಾದ. ಹಸ್ತಕ್ಕೆ ಪಾದಕ್ಕೊಂದರಂತೆ ಪು, ಷ, ಣ, ಠ. ಮೂರನೆಯದು ಣ. “ಶಾಸ್ತ್ರದ ಪ್ರಕಾರ ಹೆಸರು ಣಕಾರದಿಂದಲೇ ಶುರುವಾಗಬೇಕಿತ್ತು” ಎಂದರು ಅವರು. ಕನ್ನಡ ಮೇಷ್ಟ್ರು ಕೆರೆ ಕಡೆ ತಿರುಗಿ ನಿಂತು ಬಹಳ ಹೊತ್ತು ನಕ್ಕರು. ಕೊನೆಗೆ ರಾಜಿಯಾಯಿತು: ನಕ್ಷತ್ರ ಒಂದೇ ಆದ್ದರಿಂದ ಮೊದಲ ಪಾದದ ‘ಪು’ ನಡೆಯುತ್ತದೆ, ಬೇಕಿದ್ದರೆ ಎರಡು ಣ ಕೊನೆಯಲ್ಲಿ ಹೇಗೂ ಇವೆ. ಮಾವನ ಹೆಸರು ಹೇಳಲಾರದ ಸೊಸೆ ಬೈಯಲು ಹುಟ್ಟಿಸಿದ ಹೆಸರಿಗೆ ಹೀಗೆ ಶಾಸ್ತ್ರದ ಬೆಂಬಲವೂ ಸಿಕ್ಕಿತು. ಲ.ನ.ಗೆ ಯಾವ ಪಾದದ ಆಸರೆಯೂ ಸಿಗಲಿಲ್ಲ.

ಆದರೂ ತೀರ್ಮಾನ ಆಗಲಿಲ್ಲ. ಈ ಜಾತಿಯ ಮನುಷ್ಯರ ಲಕ್ಷಣವೇ ಇದು. ರಾತ್ರಿ ಪುಟ್ಟಣ್ಣನಾಗಿ ಮಲಗುತ್ತಾರೆ, ಬೆಳಿಗ್ಗೆ ಲಕ್ಷ್ಮೀನರಸಿಂಹಯ್ಯನಾಗಿ ಏಳುತ್ತಾರೆ. ಭಯಕ್ಕೆ ಕಾರಣವೂ ಇತ್ತು. ಆಧಾರಿನಲ್ಲಿ ಹೆಸರು ತಿದ್ದಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಒಂದನ್ನು ಪುಟ್ಟಣ್ಣ ಹಿಂದೆಯೇ, ಇಂಗ್ಲಿಷಿನ ಒಂದು ‘ಎ’ ಹೆಚ್ಚಾಯಿತೆಂದು, ಖರ್ಚು ಮಾಡಿಕೊಂಡಿದ್ದ. ಉಳಿದದ್ದು ಒಂದು. ಪ್ಯಾನ್ ಇನ್ನೊಂದು ತೊಡಕು ತಂದಿತು. ಆ ಸಂಖ್ಯೆಯ ಐದನೆಯ ಅಕ್ಷರ ನಮ್ಮ ಕೊನೆಯ ಹೆಸರಿನ ಮೊದಲಕ್ಷರ, ಹೆಸರು ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ. ಇವನಿಗಿರುವುದು ಒಂದೇ ಹೆಸರಾದ್ದರಿಂದ ಅಲ್ಲಿ ‘ಎಲ್’ ಕೂತಿದೆ. “ಅಂದ್ರೆ ನಾನು ಪುಟ್ಟಣ್ಣ ಆದ್ರೂ ತಾತ ಇನ್‌ಕಮ್ ಟ್ಯಾಕ್ಸ್ ಆಫೀಸಿನಲ್ಲಿ ಕೂತೇ ಇರ್ತಾರೆ!” ಎಂದು ಅವನು ಕೆರೆ ಏರಿಯ ಮೇಲೆ ಉದ್ಗಾರ ತೆಗೆದಾಗ ಎರಡು ಕೊಕ್ಕರೆ ಹಾರಿಹೋದವು.

ಸಹಿಯದು ಬೇರೆ ಕತೆ. ಯಾವ ಹೆಸರಿನಲ್ಲಿ ಸಹಿ ಹಾಕುವುದೆಂದು ಅಭ್ಯಾಸ ಮಾಡಲು ಕೂತವನು ಪತ್ರಿಕೆಯ ಅಂಚನ್ನೆಲ್ಲ ತುಂಬಿಸಿದ. ಇಷ್ಟು ವರ್ಷದ ಸಹಿಯನ್ನು ಪಕ್ಕದಲ್ಲಿಟ್ಟು ನಾನೂ ಕಣ್ಣಗಲಿಸಿ ನೋಡಿದೆ. ಶುರುವಿನಲ್ಲಿ ಒಂದು ಸುಳಿ, ನಡುವೆ ಕಾಫಿ ಬಸಿದ ಹಾಗೆ ಉದ್ದಕ್ಕೆ ಒಂದು ಎಳೆ, ಕೊನೆಗೆ ಕೆಳಗೆ ಎರಡು ಚುಕ್ಕೆ. ಅದರಲ್ಲಿ ಲಕ್ಷ್ಮಿಯೂ ಇಲ್ಲ, ನರಸಿಂಹನೂ ಇಲ್ಲ, ಪುಟ್ಟನಂತೂ ಇಲ್ಲವೇ ಇಲ್ಲ. ಇವನ ಸಂಬಳ, ಸಾಲ, ಮನೆಯ ಕ್ರಯಪತ್ರ ಎಲ್ಲ ನಡೆದದ್ದು ಈ ಮೂರನೆಯ ಅನಾಮಿಕನ ಕೈಯಲ್ಲಿ.

ಕೊನೆಗೆ ಪು. ಗೆಲ್ಲುವ ಲಕ್ಷಣ ಕಂಡಿತು. ಜಾಹೀರಾತಿನ ಒಕ್ಕಣೆಯನ್ನೂ ಪುಟ್ಟಣ್ಣ ಬರೆದು ತಂದ: “...ಎಂಬ ನನ್ನ ಹೆಸರನ್ನು ಪುಟ್ಟಣ್ಣ ಎಂದು ಬದಲಾಯಿಸಿಕೊಂಡಿದ್ದು, ಇನ್ನು ಮುಂದೆ ಎಲ್ಲ ವ್ಯವಹಾರಗಳಲ್ಲಿ ಅದೇ ಹೆಸರಿನಿಂದ ಕರೆಯಲ್ಪಡುತ್ತೇನೆ.” ಅದನ್ನು ತಾಯಿಗೆ ಗಟ್ಟಿಯಾಗಿ ಓದಿ ಹೇಳಿದ. ಅವರು ಅವರೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿದರು.

“ಎಲ್ಲರೂ ಅದೇ ಕರೀತಾರೇನೋ?”

“ಹೂಂ ಅಮ್ಮ. ಬ್ಯಾಂಕು, ಪೊಲೀಸು, ಏರ್‌ಪೋರ್ಟು, ಎಲ್ಲಾ ಕಡೆ.”

“ಆ ಹೆಸರು ನಾನಿಟ್ಟಿದ್ದು ಮನೇಲಿ ಕರೆಯೋಕೆ. ಪೊಲೀಸ್ನೋರಿಗೆಲ್ಲ ಯಾಕೋ ಕೊಡ್ತೀಯಾ? ಆಮೇಲೆ ನಾನು ಏನಂತ ಕರೀಲಿ?”

ನನಗೆ ಆ ಮುದುಕಿಯ ತರ್ಕದಲ್ಲಿ ತಪ್ಪು ಕಾಣಲಿಲ್ಲ. ಪುಟ್ಟ ಎಂದು ಕರೆಯುವ ಹಕ್ಕು ಇಷ್ಟು ದಿನ ಮನೆ, ಓಣಿ, ಕೆರೆ ಏರಿಯವರ ಕೈಯಲ್ಲಿತ್ತು. ಗೆಜೆಟ್ಟಿನಲ್ಲಿ ಅಚ್ಚಾದ ಮರುದಿನದಿಂದ ಸಾಲ ಬೇಕಾ ಎಂದು ಫೋನ್ ಮಾಡುವ ಹುಡುಗಿಗೂ ಅದು ಸಿಗುತ್ತದೆ. ಅಪರಿಚಿತರನ್ನು ದೂರ ನಿಲ್ಲಿಸುವುದಕ್ಕೆ ಲಕ್ಷ್ಮೀನರಸಿಂಹಯ್ಯನಷ್ಟು ಒಳ್ಳೆಯ ಕಾಂಪೌಂಡು ಇನ್ನೊಂದಿಲ್ಲ. ಅರ್ಧದಷ್ಟು ಜನ ‘ಲಕ್ಷ್ಮೀ...’ ಎನ್ನುವಷ್ಟರಲ್ಲಿ ಸುಸ್ತಾಗಿ ‘ಸಾರ್’ ಎಂದುಬಿಡುತ್ತಾರೆ. ಇದನ್ನು ನಾನು ಬಾಯಿಬಿಟ್ಟು ಹೇಳಿದೆ. ಪುಟ್ಟಣ್ಣ ಲ.ನ. ಖಾತೆಗೆ ಬರೆದುಕೊಂಡು, ಎರಡೂ ಕಡೆ ಕೂಡಿಸಿ ನೋಡಿದ. ಜಮಾ ಖರ್ಚು ಸಮಸಮ ಬಂತು. ಲೆಕ್ಕದವನಿಗೆ ಇದಕ್ಕಿಂತ ದೊಡ್ಡ ಸಂತೋಷ ಉಂಟೇ? ಒಂದು ವಾರ ಹೆಸರಿನ ಸುದ್ದಿಯನ್ನೇ ಎತ್ತಲಿಲ್ಲ.

ಮಗಳಿಗೆ ತಿಂಗಳು ತುಂಬುತ್ತ ಬಂತು. ಇನ್ನು ತಡೆಯಲಾಗದೆ ನಾವಿಬ್ಬರೂ ಕೋರ್ಟಿನ ಎದುರು ಮರದ ಕೆಳಗೆ ಟೈಪು ಮಾಡುವವನ ಹತ್ತಿರ ಹೋದೆವು. ಅವನು ತಲೆ ಎತ್ತದೆ ಕೇಳಿದ: “ಕಾರಣ ಏನು ಹಾಕ್ಲಿ? ಸಂಖ್ಯಾಶಾಸ್ತ್ರ, ಜ್ಯೋತಿಷ್ಯ, ಮದುವೆ, ವೈಯಕ್ತಿಕ?” ಪುಟ್ಟಣ್ಣ ನಶ್ಯದ ತಾತನಿಂದ ಶುರು ಮಾಡಿದ. ಬೆಣ್ಣೆ ಗಡಿಗೆಯ ಹತ್ತಿರ ಬರುವ ಹೊತ್ತಿಗೆ ಟೈಪಿಸ್ಟ್ ಕೈ ಎತ್ತಿ ತಡೆದ. “ಸಾರ್, ನನಗೆ ಒಂದೇ ಒಂದು ಹೇಳಿ. ಈ ಇಬ್ಬರೂ ಒಬ್ಬರೇ ಅಂತ ಬೇಕೋ, ಇಬ್ಬರಲ್ಲಿ ಒಬ್ಬರು ಇನ್ಮೇಲೆ ಇಲ್ಲ ಅಂತ ಬೇಕೋ?”

ಹಾಗೆ ಕೇಳಿದರೆ ಯಾರಿಗೆ ಎದೆ ಝಲ್ಲೆನ್ನುವುದಿಲ್ಲ? “ಇಬ್ಬರೂ ಇರಲಪ್ಪಾ, ಇಬ್ಬರೂ ಇರಲಿ” ಅಂದ ಪುಟ್ಟಣ್ಣ. ಲಕ್ಷ್ಮೀನರಸಿಂಹಯ್ಯ ಉರುಫ್ ಪುಟ್ಟಣ್ಣ, ಎರಡೂ ಹೆಸರಿನ ವ್ಯಕ್ತಿ ತಾನೊಬ್ಬನೇ ಎಂಬ ಪ್ರಮಾಣಪತ್ರ ತಯಾರಾಯಿತು. ಪಾಸ್‌ಪೋರ್ಟಿನವರು ಅದನ್ನು ಒಪ್ಪುತ್ತಾರೋ ಇಲ್ಲವೋ ಎಂದು ಆಗ ಯೋಚಿಸುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ.

ನೋಟರಿಯ ಮೇಜಿನ ಮುಂದೆ ಜನ. ನಾವು ಕಲ್ಲುಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆವು. ಗುಮಾಸ್ತ ಹೊರಗೆ ಬಂದು “ಲಕ್ಷ್ಮೀನರಸಿಂಹಯ್ಯ! ಯಾರ್ರೀ ಲಕ್ಷ್ಮೀನರಸಿಂಹಯ್ಯ?” ಎಂದು ಕೂಗಿದ. ಪುಟ್ಟಣ್ಣ ಕಾಫಿ ಊದುತ್ತಲೇ ಇದ್ದ. ನಾನು ಮೊಣಕೈಯಿಂದ ತಿವಿದು ಎಬ್ಬಿಸುವಷ್ಟರಲ್ಲಿ ಆಚೆ ತುದಿಯಿಂದ ಪಂಚೆಯ ಹಿರಿಯರೊಬ್ಬರು ಎದ್ದು, ಕಾಗದ ಇಸಿದುಕೊಂಡು, ಕನ್ನಡಕ ಏರಿಸಿ ಓದತೊಡಗಿದ್ದರು. ಮನೆ ಖಾತೆ ಬದಲಾವಣೆಯ ಕೆಲಸಕ್ಕೆ ಬಂದವರಂತೆ. ನಾವು ಓಡಿದೆವು.

ಅವರು ಗುಮಾಸ್ತನಿಗೆ ಹೇಳುತ್ತಿದ್ದರು: “ಅಪ್ಪನ ಹೆಸರು ತಪ್ಪಾಗಿದೆ. ವಿಳಾಸವೂ ನನ್ನದಲ್ಲ. ಅದು ಹೋಗ್ಲಿ, ಮನೇಲಿ ನನ್ನನ್ನ ಪುಟ್ಟಣ್ಣ ಅಂತಾರೆ ಅನ್ನೋದು ನಿಮಗ್ಯಾರ್ರೀ ಹೇಳಿದ್ದು?”